ಮೇಲ್ ಒಂದೇ ಕಡೆ ಇರಲಿ, ತಮ್ಮಾ

ತಮ್ಮಾ, ಚಾಕಣದ ನಾಣೇಕರವಾಡಿಯ ಖೋಲಿಯಲ್ಲಿ ನೀವು ಮೂವರು ಸೇರಿ ವೈಫೈ ಹಾಕಿಸಿಕೊಂಡಿರಿ, ಹಳೆಯ ಡೆಸ್ಕ್‌ಟಾಪ್ ಒಂದನ್ನು ಕೊಂಡಿರಿ, ಒಳ್ಳೆಯದಾಯಿತು. ಆದರೆ ಡೆಸ್ಕ್‌ಟಾಪಿಗೆ ಬಂದ ಮೇಲನ್ನು ಒಂದೊಂದಾಗಿ ಲ್ಯಾಪ್‌ಟಾಪಿಗೆ ಫಾರ್ವರ್ಡ್ ಮಾಡುತ್ತ ಕೂರುತ್ತೀಯಲ್ಲ, ಅದನ್ನು ಇವತ್ತೇ ಬಿಟ್ಟುಬಿಡು. ಮೇಲನ್ನು ಹಾಗೆ ಸಾಗಿಸುವ ಅಗತ್ಯವೇ ಇಲ್ಲ. ಅದು ಸರ್ವರಿನಲ್ಲೇ ಇರಲಿ. ಡೆಸ್ಕ್‌ಟಾಪು, ಲ್ಯಾಪ್‌ಟಾಪು, ಫೋನು ಮೂರೂ ಅಲ್ಲಿಗೇ ಹೋಗಿ ನೋಡಲಿ.

ನಿನ್ನ ಡೆಸ್ಕ್‌ಟಾಪಿನಲ್ಲಿ ಮೇಲ್ ನೋಡುವ ಥಂಡರ್‌ಬರ್ಡಿನಲ್ಲಿ ಖಾತೆ ಪಾಪ್ ಪದ್ಧತಿಯಲ್ಲಿದೆ. ಅಂಚೆ ಕಚೇರಿಗೆ ಹೋಗಿ ಟಪಾಲನ್ನೆಲ್ಲ ಮನೆಗೆ ಹೊತ್ತು ತಂದ ಹಾಗೆ ಅದು. ಪ್ರತಿ ಉಳಿಸುವ ಆಯ್ಕೆಯನ್ನು ಸರಿಯಾಗಿ ಇಟ್ಟಿರದಿದ್ದರೆ ಸರ್ವರಿನಲ್ಲಿ ಏನೂ ಉಳಿಯುವುದಿಲ್ಲ. ಕರೆಂಟು ಹೋಗಿ ಬಂದು ಹಾರ್ಡ್ ಡಿಸ್ಕ್ ಕೆಟ್ಟರೆ ನಿನ್ನ ಆಫರ್ ಲೆಟರ್, ಪಗಾರ ಸ್ಲಿಪ್ ಎಲ್ಲ ಅದರ ಜೊತೆಗೇ ಹೋದವು. ಐಮ್ಯಾಪ್ ಹಾಕಿಕೊ. 1986ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಕ್ರಿಸ್ಪಿನ್ ಇದನ್ನು ರೂಪಿಸಿದ್ದೇ ಒಂದೇ ಅಂಚೆಪೆಟ್ಟಿಗೆಯನ್ನು ಹಲವು ಯಂತ್ರಗಳಿಂದ ನೋಡಲೆಂದು. ಪೋರ್ಟ್ 993 ಇಡು. ಆಗ ಮೇಲ್ ನಿನ್ನ ಯಂತ್ರಕ್ಕೂ ಸರ್ವರಿಗೂ ನಡುವೆ ಗುಪ್ತಲಿಪಿಯಲ್ಲಿ ಹೋಗುತ್ತದೆ, ವೈಫೈ ಹಂಚಿಕೊಂಡವರು ಯಾರೂ ಓದಲಾರರು. ಒಂದು ಎಚ್ಚರ ಬೇಕು: ಐಮ್ಯಾಪಿನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ.

ಡೆಸ್ಕ್‌ಟಾಪಿನಲ್ಲಿ ಈಗಾಗಲೇ ಕೂತಿರುವ ಹಳೆಯ ಮೇಲುಗಳ ಗತಿ ಏನು ಎಂದು ಕೇಳುತ್ತೀಯ. ಅವನ್ನೂ ಫಾರ್ವರ್ಡ್ ಮಾಡಬೇಡ. ಫಾರ್ವರ್ಡ್ ಮಾಡಿದ ಕೂಡಲೇ ಕಳಿಸಿದವನ ಜಾಗದಲ್ಲಿ ನಿನ್ನ ಹೆಸರು ಬರುತ್ತದೆ, ತಾರೀಕು ಇವತ್ತಿನದಾಗುತ್ತದೆ. ನಾಳೆ ಪಿಎಫ್ ವಿಷಯದಲ್ಲೋ ಬಾಕಿ ಪಗಾರದ ವಿಷಯದಲ್ಲೋ ತಕರಾರು ಬಂದರೆ ಅದಕ್ಕೆ ಮೂಲ ಮೇಲಿನ ಬೆಲೆ ಇರುವುದಿಲ್ಲ. ಥಂಡರ್‌ಬರ್ಡಿನಲ್ಲಿ ಐಮ್ಯಾಪ್ ಖಾತೆಯನ್ನು ಸೇರಿಸಿ, ಅದರೊಳಗೆ ‘ಹಳೆಯದು’ ಎಂದು ಒಂದು ಫೋಲ್ಡರ್ ಮಾಡು. ಪಾಪ್ ಖಾತೆಯ ಮೇಲುಗಳನ್ನು ಅದರೊಳಗೆ ಕಾಪಿ ಮಾಡು. ಕಳಿಸಿದವರ ಹೆಸರು, ತಾರೀಕು, ಲಗತ್ತು ಎಲ್ಲ ಇದ್ದ ಹಾಗೇ ಬರುತ್ತವೆ. ಫೋನಿನಲ್ಲಿ ಕಾಣಿಸಿತೆಂದು ಖಾತ್ರಿಯಾಗುವ ತನಕ ಡೆಸ್ಕ್‌ಟಾಪಿನ ಪ್ರತಿಯನ್ನು ಮುಟ್ಟಬೇಡ.

ಬರೀ ಫೈಲು ದಾಟಿಸಲು ಮೇಲ್ ಬಳಸುವುದೂ ಬೇಡ. ಜಿಮೇಲಿನಲ್ಲಿ 25 ಎಂಬಿ ಮಿತಿ; ಅದೂ ಒಂದೇ ಮೇಜಿನ ಮೇಲಿರುವ ಯಂತ್ರಕ್ಕೆ ಫೈಲು ಗೂಗಲ್‌ವರೆಗೆ ಹೋಗಿ ಬರಬೇಕು. 1971ರಲ್ಲಿ ರೇ ಟಾಮ್ಲಿನ್ಸನ್ ಜಾಲದ ಮೂಲಕ ಮೊದಲ ಮೇಲನ್ನು ಕಳಿಸಿದಾಗಲೂ ಎರಡು ಯಂತ್ರಗಳು ಅಕ್ಕಪಕ್ಕದಲ್ಲೇ ಇದ್ದವು, ಮೇಲು ಮಾತ್ರ ಆರ್ಪಾನೆಟ್ ಎಂಬ ಆ ಜಾಲವನ್ನು ಸುತ್ತಿ ಬಂತು. ಅವರಿಗೆ ಅದು ಪ್ರಯೋಗ. ನಿನಗೆ ಒಂದು ಹಂಚಿಕೆಯ ಫೋಲ್ಡರ್ ಸಾಕು.

ಮನೆಯಲ್ಲೇ ಮೇಲ್ ಸರ್ವರ್ ನಡೆಸುವ ಆಸೆಯನ್ನು ಕಲಿಕೆಗಷ್ಟೇ ಇಟ್ಟುಕೊ. ಮನೆಯ ಲೈನಿನಲ್ಲಿ ಮೇಲ್ ಸಾಗಿಸುವ ಪೋರ್ಟ್ 25 ಬಹಳ ಕಡೆ ಮುಚ್ಚಿರುತ್ತದೆ, ಐಪಿ ಬದಲಾಗುತ್ತಿರುತ್ತದೆ. ಅಲ್ಲಿಂದ ಹೊರಟ ಮೇಲನ್ನು ದೊಡ್ಡ ಸರ್ವರುಗಳು ನಂಬುವುದಿಲ್ಲ.

ಕಂಪನಿಯ ಮೇಲನ್ನು ಮಾತ್ರ ನಿನ್ನ ಸ್ವಂತ ಮೇಲ್ ವಿಳಾಸಕ್ಕೆ ತಾನಾಗಿ ಬರುವಂತೆ ಎಂದೂ ಮಾಡಬೇಡ. ಅದರಲ್ಲಿ ಡ್ರಾಯಿಂಗ್ ಇರುತ್ತದೆ, ದರಪಟ್ಟಿ ಇರುತ್ತದೆ, ಅದು ನಿನ್ನದಲ್ಲ. ನಿನ್ನ ಉದ್ದೇಶ ಒಳ್ಳೆಯದೇ ಇದ್ದರೂ ನೌಕರಿಗೆ ಕುತ್ತು ಬರುತ್ತದೆ. ನಿನಗೆ ಸೇರಿದ ಕಾಗದಗಳ ಮಾತು ಬೇರೆ. ಚಾಕಣದಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಕಾಂಟ್ರಾಕ್ಟ್ ಮುಗಿದಂತೆ ಕಂಪನಿ ಬದಲಿಸುತ್ತಾರೆ. ಕೆಲಸ ಬಿಟ್ಟ ದಿನವೇ ಕಂಪನಿಯ ಮೇಲ್ ಬಂದ್ ಆಗಬಹುದು. ಅದಕ್ಕೆ ಮುಂಚೆಯೇ ರಿಲೀವಿಂಗ್ ಲೆಟರ್, ಪಗಾರ ಸ್ಲಿಪ್, ಫಾರ್ಮ್ 16 ನಿನ್ನ ಸ್ವಂತ ವಿಳಾಸಕ್ಕೆ ಕಳಿಸಿರೆಂದು ಎಚ್‌ಆರ್‌ಗೆ ಬರೆದು ಕೇಳು.

ಇನ್ನೊಂದು. ಆ ಡೆಸ್ಕ್‌ಟಾಪನ್ನು ಮೂವರೂ ಬಳಸುತ್ತೀರಿ. ಒಬ್ಬೊಬ್ಬರಿಗೆ ಬೇರೆ ಬೇರೆ ಲಾಗಿನ್ ಮಾಡಿಕೊಳ್ಳಿ. ನಿನ್ನ ಮೇಲನ್ನು ಯಾರಾದರೂ ತಮ್ಮ ಕಡೆ ತಿರುಗಿಸಿಕೊಂಡಿದ್ದಾರೆಯೇ ಎಂದು ತಿಳಿಯಲು ಈ ರಾತ್ರಿಯೇ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಪುಟ ತೆರೆದು ನೋಡು. ಅಲ್ಲಿ ನೀನು ಹಾಕದ ವಿಳಾಸವಿದ್ದರೆ ತೆಗೆದುಹಾಕು, ಪಾಸ್‌ವರ್ಡ್ ಬದಲಿಸು.