ಮುನ್ನೂರೈವತ್ತು ರೂಪಾಯಿಯ ಪಾಠ

ಮೂರು ವರ್ಷದ ಹಿಂದಿನ ಮಾತು. ನನ್ನ ಸಣ್ಣ ಪೆಟ್ರೋಲ್ ಕಾರನ್ನು ಬೆಳಿಗ್ಗೆ ಸರ್ವಿಸ್‌ಗೆ ಬಿಟ್ಟು ಸಂಜೆ ತರಲು ಹೋದೆ. ಬಿಲ್ಲು 8,210 ರೂಪಾಯಿ. ‘ಏನೇನು ಮಾಡಿದ್ದೀರಪ್ಪಾ?’ ಎಂದರೆ ಕೌಂಟರಿನ ಹುಡುಗ ‘ಆಯಿಲ್ ಚೇಂಜ್, ಜನರಲ್ ಸರ್ವಿಸ್ ಸಾರ್’ ಎಂದ. ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುವ ನಾನು ತೆಪ್ಪಗೆ ಕಾರ್ಡ್ ಉಜ್ಜಿ ಬಂದೆ. ಕೊತ್ತಂಬರಿ ಬಾಡಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತದೆ. ಎಂಜಿನ್ ವಿಷಯದಲ್ಲಿ ಏನನ್ನು ಕೇಳಬೇಕು ಎಂಬುದೇ ಗೊತ್ತಿರಲಿಲ್ಲ.

ಮನೆಗೆ ಬಂದು ಬಿಲ್ಲನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಕೂತೆ. ತೆರಿಗೆ ಸೇರಿ ಎಣ್ಣೆಗೆ 1,420, ಆಯಿಲ್ ಫಿಲ್ಟರಿಗೆ 120, ಬೋಲ್ಟಿನ ವಾಷರಿಗೆ 20, ಕೂಲಿ 1,900. ಅಲ್ಲಿಗೆ 3,460. ಉಳಿದ 4,750 ರೂಪಾಯಿ ಹೋದದ್ದು ಎಂಜಿನ್ ಫ್ಲಶ್, ಥ್ರಾಟಲ್ ಕ್ಲೀನಿಂಗ್, ಎಸಿಗೆ ಔಷಧಿ ಸಿಂಪಡಣೆ, ಎಂಜಿನ್ ಡ್ರೆಸಿಂಗ್, ಒಳಗಿನ ಸ್ವಚ್ಛತೆ, ವೀಲ್ ಅಲೈನ್‌ಮೆಂಟ್ ಎಂಬ ಆರು ಸಾಲುಗಳಿಗೆ. ‘ಆಯಿಲ್ ಚೇಂಜ್’ ಎಂದು ನಾನು ತಿಳಿದಿದ್ದ ಕೆಲಸ ಬಿಲ್ಲಿನ ಅರ್ಧವೂ ಇರಲಿಲ್ಲ.

ನಮ್ಮ ತಾತನ ಎತ್ತಿನಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕೀಲೆಣ್ಣೆ. ಗಾಲಿ ಕಿರುಗುಟ್ಟುವ ಮೊದಲೇ ಕಡಾಣಿ ತೆಗೆದು ಅಚ್ಚಿಗೆ ಬಳಿಯುತ್ತಿದ್ದರು. ಮೊಮ್ಮಗನಾದ ನನಗೆ ಕಾರಿನ ಕೀಲೆಣ್ಣೆ ಎಲ್ಲಿದೆ ಎಂದೂ ಗೊತ್ತಿಲ್ಲವಲ್ಲ ಅನ್ನಿಸಿತು. ಮುಂದಿನ ವರ್ಷ ಈ ಕೆಲಸವನ್ನು ಮೈಸೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ ನಾನೇ ಮಾಡುವುದೆಂದು ನಿಶ್ಚಯಿಸಿದೆ.

ಮೊದಲು ಓದಿದ್ದು ಕಾರಿನ ಜೊತೆ ಬಂದ ಕೈಪಿಡಿಯನ್ನು. ಕಾರು ಕೊಂಡಂದಿನಿಂದ ಅದು ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಮೊದಲ ಉಳಿತಾಯ ಅಲ್ಲೇ ಸಿಕ್ಕಿತು. ನನ್ನ ಕಾರಿಗೆ ಎಣ್ಣೆ ಬದಲಿಸಬೇಕಾದ್ದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ. ಸರ್ವಿಸ್ ಸೆಂಟರಿನವರು ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ 5,000 ಎಂದಿತ್ತು. ವರ್ಷಕ್ಕೆ 7,000 ಕಿ.ಮೀ. ಓಡಿಸುವ ನಾನು ಆ ಚೀಟಿಯನ್ನು ನಂಬಿದ್ದರೆ ಮೂರು ವರ್ಷಕ್ಕೆ ನಾಲ್ಕು ಸಲ ಎಣ್ಣೆ ಬದಲಿಸಬೇಕಿತ್ತು.

ಯಾವ ಎಣ್ಣೆ ಎಂಬುದೂ ಕೈಪಿಡಿಯಲ್ಲೇ ಇದೆ. ನನ್ನದಕ್ಕೆ 5ಡಬ್ಲ್ಯೂ-30. ಡಬ್ಲ್ಯೂ ಎಂದರೆ ವಿಂಟರ್. ಅದರ ಹಿಂದಿನ ಅಂಕಿ, ಎಂಜಿನ್ ತಣ್ಣಗಿರುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಮುಂದಿನ ಅಂಕಿ, ಬಿಸಿಯಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎಂದು. ‘ಹಳೇ ಗಾಡಿ, ದಪ್ಪ ಎಣ್ಣೆ ಹಾಕಿ’ ಎನ್ನುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಕೈಪಿಡಿ ಬರೆದವರು ಆ ಎಂಜಿನ್ ಮಾಡಿದವರು. ನಾನು ಅವರ ಮಾತು ಕೇಳಿದೆ.

ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಸಾಮಾನು ಕೊಂಡೆ. ಮೂರೂವರೆ ಲೀಟರಿನ ಎಣ್ಣೆ ಕ್ಯಾನು 1,450, ಫಿಲ್ಟರ್ 120, ವಾಷರ್ 20. ಒಟ್ಟು 1,590. ಎಣ್ಣೆಯಲ್ಲಿ ನಕಲಿ ಮಾಲಿನ ಕಾಟ ಇರುವುದರಿಂದ ಪರಿಚಯದ ಅಂಗಡಿ, ಒಡೆಯದ ಸೀಲು, ಪಕ್ಕಾ ಬಿಲ್ಲು ಮೂರೂ ಬೇಕು. ಖಾಲಿ ಕ್ಯಾನನ್ನು ಗುಜರಿಗೆ ಹಾಕುವ ಮುನ್ನ ತೂತು ಮಾಡಿ. ಇಲ್ಲವಾದರೆ ಅದೇ ಕ್ಯಾನು ನಕಲಿ ಎಣ್ಣೆ ತುಂಬಿಕೊಂಡು ಇನ್ನೊಬ್ಬರ ಮನೆಗೆ ಹೋದೀತು.

ಇನ್ನು ಸಲಕರಣೆ. 17 ನಂಬರ್ ರಿಂಗ್ ಸ್ಪ್ಯಾನರ್ 160, ಫಿಲ್ಟರ್ ಬಿಚ್ಚುವ ರೆಂಚ್ 340, ಆಲಿಕೆ ಮತ್ತು ಪ್ಲಾಸ್ಟಿಕ್ ಟಬ್ 200, ಕಾರಿನ ಕೆಳಗೆ ಕೊಡುವ ಜಾಕ್ ಸ್ಟ್ಯಾಂಡ್ ಜೋಡಿ 1,500. ಒಟ್ಟು 2,200. ಈ ಪಟ್ಟಿಯಲ್ಲಿ ಜಿಪುಣತನ ಮಾಡಬಾರದ ಬಾಬತ್ತು ಕೊನೆಯದು. ಸ್ಟೆಪ್ನಿ ಬದಲಿಸಲು ಕಾರಿನಲ್ಲಿ ಕೊಟ್ಟಿರುವ ಜಾಕ್ ಕಾರನ್ನು ಎತ್ತುವುದಕ್ಕೆ ಮಾತ್ರ. ಅದೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಸಮತಟ್ಟು ನೆಲ, ಎಳೆದ ಹ್ಯಾಂಡ್ ಬ್ರೇಕ್, ಹಿಂದಿನ ಗಾಲಿಗೆ ಕಲ್ಲು, ಮುಂದೆ ಸ್ಟ್ಯಾಂಡ್. ಇಷ್ಟು ಆಗದಿದ್ದರೆ ಆ ದಿನ ಕೆಲಸವೇ ಬೇಡ.

ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಬೇಕು. ಎಣ್ಣೆ ಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ, ಕುದಿಯುವಷ್ಟಿದ್ದರೆ ಕೈ ಸುಡುತ್ತದೆ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಟಬ್ಬಿಗೆ ಇಳಿಸಿ, ಹಳೇ ಫಿಲ್ಟರ್ ತಿರುಗಿಸಿ ತೆಗೆಯುವುದು. ಅದರ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎರಡು ರಿಂಗು ಒಂದರ ಮೇಲೊಂದು ಕೂತರೆ ಎಣ್ಣೆಯೆಲ್ಲ ರಸ್ತೆಗೆ. ಹೊಸ ಫಿಲ್ಟರಿನ ರಿಂಗಿಗೆ ಒಂದಿಷ್ಟು ಹೊಸ ಎಣ್ಣೆ ಸವರಿ ಕೈಯಲ್ಲೇ ಬಿಗಿಯುವುದು. ರಿಂಗು ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು ಸಾಕು. ಬೋಲ್ಟಿಗೆ ಹೊಸ ವಾಷರ್ ಹಾಕಿ ಹದವಾಗಿ ಬಿಗಿಯಬೇಕು. ಭೀಮಬಲ ತೋರಿಸಿದರೆ ಮರೆ ಹೋಗುತ್ತದೆ. ಮರೆ ಹೋದರೆ ಅದರ ರಿಪೇರಿ ಖರ್ಚು ಹತ್ತು ವರ್ಷದ ಉಳಿತಾಯವನ್ನು ನುಂಗುತ್ತದೆ.

ನಾನು ಎಡವಿದ್ದು ಇದೆಲ್ಲ ಮುಗಿದ ಮೇಲೆ. ಎಂಜಿನ್ನಿಗೆ ಬೇಕಾದ್ದು ಸುಮಾರು ಮೂರು ಲೀಟರ್. ಮೂರೂವರೆ ಲೀಟರಿನ ಕ್ಯಾನು ಕೈಯಲ್ಲಿತ್ತು, ಅಷ್ಟನ್ನೂ ಸುರಿದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಮೇಲಿನ ಗುರುತು ದಾಟಿ ನಿಂತಿದೆ. ಹೆಚ್ಚಾದರೆ ಇನ್ನೂ ಒಳ್ಳೆಯದೇ ಅಲ್ಲವೇ ಎಂದುಕೊಂಡು, ಯಾವುದಕ್ಕೂ ಇರಲಿ ಎಂದು ನಮ್ಮ ಬೀದಿಯ ಕೊನೆಯ ಮೆಕ್ಯಾನಿಕ್‌ನನ್ನು ಕರೆದೆ. ಆತ ಕಡ್ಡಿ ನೋಡಿ ನಕ್ಕ. ‘ಸಾರ್, ಹಾಕಬೇಕಾದ್ದು ಕಡ್ಡಿ ನೋಡ್ಕೊಂಡು, ಕ್ಯಾನ್ ನೋಡ್ಕೊಂಡಲ್ಲ.’ ಎಣ್ಣೆ ಮಟ್ಟ ಮೀರಿದರೆ ಕ್ರ್ಯಾಂಕ್ ಶಾಫ್ಟ್ ಅದನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ನೊರೆ ಬಂದ ಎಣ್ಣೆಯನ್ನು ಪಂಪು ಸರಿಯಾಗಿ ಎತ್ತಲಾರದು. ಬೋಲ್ಟ್ ಮತ್ತೆ ಸಡಿಲಿಸಿ ಅರ್ಧ ಲೀಟರ್ ಇಳಿಸಿದೆವು. ಇನ್ನೂರು ರೂಪಾಯಿಯ ಹೊಸ ಎಣ್ಣೆ ಅರ್ಧ ನನ್ನ ಮೊಣಕೈ ಮೇಲೆ, ಅರ್ಧ ಪೋರ್ಟಿಕೋದ ಕಲ್ಲಿನ ಮೇಲೆ. ‘ರೀ, ಯುಗಾದಿಯೊಳಗೆ ಈ ಕಲೆ ಹೋಗಬೇಕು’ ಎಂದು ಮನೆಯೊಡತಿ ಗಡುವು ಕೊಟ್ಟಳು. ಸಾಮಿಲ್ಲಿನಿಂದ ತಂದ ಮರದ ಹೊಟ್ಟು, ಸೋಪಿನ ಪುಡಿ, ಎರಡು ಭಾನುವಾರ ಹಿಡಿಯಿತು.

ಟಬ್ಬಿನಲ್ಲಿದ್ದ ಕಪ್ಪು ಎಣ್ಣೆಯ ಕಥೆ ಬೇರೆ. ಊರಿನಿಂದ ಬಂದಿದ್ದ ಅಪ್ಪ ‘ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹತ್ತಲ್ಲ, ಕೊಡೋ’ ಎಂದರು. ಆದರೆ ಸವೆದ ಲೋಹದ ಕಣ, ಸುಟ್ಟ ರಾಸಾಯನಿಕ ಎಲ್ಲ ಅದರಲ್ಲಿದೆ. ಬಳಸಿದ ಎಣ್ಣೆಯನ್ನು ದೇಶದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಸಾಲಿಗೆ ಸೇರಿಸಿವೆ. ಮಣ್ಣಿಗೂ ಬೇಡ, ಮೋರಿಗಂತೂ ಬೇಡವೇ ಬೇಡ. ಅದೇ ಮೆಕ್ಯಾನಿಕ್‌ನ ಗ್ಯಾರೇಜಿನ ಮೂಲೆಯ ಡ್ರಮ್ಮಿಗೆ ಸುರಿದೆ. ಡ್ರಮ್ಮು ತುಂಬಿದ ಮೇಲೆ ಮರುಸಂಸ್ಕರಣೆಗೆ ಕೊಂಡೊಯ್ಯುವವರು ಬರುತ್ತಾರಂತೆ.

ಈಗ ಲೆಕ್ಕ. ನಾವೇ ಎಣ್ಣೆ, ಫಿಲ್ಟರ್ ತಂದುಕೊಟ್ಟರೆ ಆ ಮೆಕ್ಯಾನಿಕ್ ತೆಗೆದುಕೊಳ್ಳುವ ಕೂಲಿ 350 ರೂಪಾಯಿ. ಅಂದರೆ ಬೆವರು ಸುರಿಸಿ, ಕಲೆ ಉಜ್ಜಿ ನಾನು ಸಂಪಾದಿಸಿದ್ದು ವರ್ಷಕ್ಕೆ 350. ಸಲಕರಣೆಯ 2,200 ಹುಟ್ಟಲು ಆರು ವರ್ಷದ ಮೇಲೆ ಬೇಕು. ಸರ್ವಿಸ್ ಸೆಂಟರಿನ 1,900ರ ಕೂಲಿಗೆ ಹೋಲಿಸಿ ಹಿಗ್ಗುವ ಹಾಗೂ ಇಲ್ಲ. ಅದರಲ್ಲಿ ಬ್ರೇಕು, ಕೂಲೆಂಟು, ಬೆಲ್ಟು ನೋಡುವ ಕೆಲಸವೂ ಸೇರಿದೆ, ಅದನ್ನು ನಾನು ಮಾಡಿಲ್ಲ. ಎರಡು ವರ್ಷ ಮನೆಯಲ್ಲೇ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಸ್ಪ್ಯಾನರಿನಿಂದ ಆಗುವ ಉಳಿತಾಯ ಚಿಲ್ಲರೆ.

ಈ ವರ್ಷ ಬ್ರೇಕ್ ತೋರಿಸಬೇಕಿತ್ತು ಎಂದು ಮತ್ತೆ ಅದೇ ಸರ್ವಿಸ್ ಸೆಂಟರಿಗೆ ಹೋದೆ. ಈ ಸಲ ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ಪೆನ್ನು ತೆಗೆದುಕೊಂಡೆ. ಎಂಜಿನ್ ಫ್ಲಶ್ ಕೈಪಿಡಿಯಲ್ಲಿ ಇಲ್ಲ, ಬೇಡ. ಎಂಜಿನ್ ಐಡ್ಲಿಂಗಿನಲ್ಲಿ ನಡುಗುತ್ತಿಲ್ಲ, ಥ್ರಾಟಲ್ ಕ್ಲೀನಿಂಗ್ ಬೇಡ. ಎಸಿಯ ಫಿಲ್ಟರನ್ನು ನಾನೇ ತೆಗೆದು ಕೊಡವಿದ್ದೇನೆ. ಬಾನೆಟ್ಟಿನೊಳಗೆ ಹೊಳಪು ಯಾರು ನೋಡಬೇಕು? ಸೀಟಿನ ಧೂಳಿಗೆ ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದೆ. ಅಲೈನ್‌ಮೆಂಟ್ ಮಾತ್ರ ಇರಲಿ. ಮೊದಲ ಬಿಲ್ಲಿನಲ್ಲಿ ಈ ಐದು ಸಾಲಿಗೆ ನಾನು ಕೊಟ್ಟದ್ದು 3,900 ರೂಪಾಯಿ. ಹುಡುಗ ಒಂದು ಮಾತೂ ಎದುರಾಡಲಿಲ್ಲ. ಬೆಲೆ ಒಂದಿಷ್ಟು ಏರಿದ್ದರೂ ಈ ಸಲದ ಬಿಲ್ಲು 4,480.

ವಾರಂಟಿ ಇನ್ನೂ ಇರುವ ಕಾರಾದರೆ ಅದರ ಷರತ್ತು ಓದದೆ ಸ್ಪ್ಯಾನರ್ ಹಿಡಿಯಬೇಡಿ. ವಾರಂಟಿ ಮುಗಿದ ಮೇಲೆ ಎಲ್ಲಿ ಮಾಡಿಸಬೇಕೆಂಬುದು ನಿಮ್ಮ ಆಯ್ಕೆ. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ನಮ್ಮ ಬೀದಿಯ ಮೆಕ್ಯಾನಿಕ್‌ನ ಹೊಟ್ಟೆಪಾಡಿನ ಪ್ರಶ್ನೆಯೂ ಅದರಲ್ಲಿತ್ತು.

ಆದ್ದರಿಂದ ನನ್ನ ಸಲಹೆ ಇಷ್ಟು. ಜಾಗ, ಸ್ಟ್ಯಾಂಡು, ತಾಳ್ಮೆ ಮೂರೂ ಇದ್ದರೆ ಒಂದು ಸಲ ನೀವೇ ಮಾಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ, ಸ್ಟ್ಯಾಂಡಿಗೆ ಹಣ ಹಾಕುವುದು ಬೇಡವೆನಿಸಿದರೆ, ಎಣ್ಣೆ ಫಿಲ್ಟರ್ ನೀವೇ ತಂದು ಮೆಕ್ಯಾನಿಕ್‌ಗೆ 350 ಕೊಟ್ಟು ಪಕ್ಕದಲ್ಲಿ ನಿಂತು ನೋಡಿ. ಕಲಿಕೆಗೆ ಅದೂ ಸಾಕು. ಎರಡೂ ಆಗದಿದ್ದರೆ, ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ ಡ್ಯಾಶ್‌ಬೋರ್ಡಿನಲ್ಲಿರುವ ಕೈಪಿಡಿಯನ್ನಾದರೂ ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯಿರಿ.