ಒಟಾವಾಲೊ ಸಂತೆಯೂ ಸುತ್ತಲಿನ ಕಸುಬಿನ ಊರುಗಳೂ

ಕೆಲಸದ ಮೇಲೋ ಗಲಾಪಗೋಸ್ ದ್ವೀಪಗಳ ದಾರಿಯಲ್ಲೋ ಈಕ್ವೆಡಾರ್‌ನ ರಾಜಧಾನಿ ಕ್ವಿಟೊದಲ್ಲಿ ಇಳಿದವರಿಗೆ ಯಾರಾದರೊಬ್ಬರು ಒಟಾವಾಲೊದ ಶನಿವಾರದ ಸಂತೆಯ ಬಗ್ಗೆ ಹೇಳಿಯೇ ಹೇಳುತ್ತಾರೆ. ಬೆಳಿಗ್ಗೆ ಕರೆದೊಯ್ದು ಸಂಜೆ ತಂದುಬಿಡುವ ಟೂರ್‌ಗಳಿಗೂ ಬರವಿಲ್ಲ. ಆದರೆ ಹೋಗಿಬರಲಿಕ್ಕೇ ನಾಲ್ಕು ತಾಸು ಬೇಕು, ಉಳಿದ ಹೊತ್ತೆಲ್ಲ ಶಾಲಿನ ಚೌಕಾಸಿಗೇ ಸರಿಹೋಗುತ್ತದೆ. ರಜೆ ಕೂಡಿ ಬಂದರೆ ಒಟಾವಾಲೊದಲ್ಲೇ ರೂಮು ಮಾಡಿ, ಅಲ್ಲಿಂದ ದಿನಕ್ಕೊಂದು ಊರಿಗೆ ಹೋಗಿಬರುವುದು ಲೇಸು.

ಅದಕ್ಕೆ ಒಳ್ಳೆಯ ಸಮಯ ನವೆಂಬರ್ ಮೊದಲ ವಾರ. 2ನೇ ತಾರೀಖು ಮೃತರ ದಿನ, 3 ಕ್ವೆಂಕಾ ನಗರದ ಸ್ವಾತಂತ್ರ್ಯ ದಿನ, ಎರಡೂ ರಾಷ್ಟ್ರೀಯ ರಜೆ. 2026ರಲ್ಲಿ ಅವು ಸೋಮವಾರ, ಮಂಗಳವಾರ ಬೀಳುವುದರಿಂದ ಶನಿವಾರದಿಂದ ಲೆಕ್ಕ ಹಾಕಿದರೆ ನಾಲ್ಕು ದಿನ ಸಿಗುತ್ತವೆ. ಊರಿಗೆ ಊರೇ ಪ್ರಯಾಣಕ್ಕೆ ಹೊರಡುವ ಸಮಯವಾದ್ದರಿಂದ ರೂಮನ್ನು ಮೊದಲೇ ಕಾಯ್ದಿರಿಸಿ. ವೀಸಾ ನಿಯಮ, ದೇಶದ ಭದ್ರತಾ ಪರಿಸ್ಥಿತಿ ಎರಡನ್ನೂ ವಿಚಾರಿಸಿಕೊಳ್ಳಿ. ಪ್ರತಿಭಟನೆಯ ಕಾಲದಲ್ಲಿ ಕ್ವಿಟೊ–ಒಟಾವಾಲೊ ಹೆದ್ದಾರಿ ಬಂದ್ ಆಗುವುದುಂಟು.

ಶುಕ್ರವಾರ ಬೆಳಕಿರುವಾಗಲೇ ಕ್ವಿಟೊದ ಉತ್ತರ ತುದಿಯ ಕಾರ್ಸೆಲೆನ್ ಬಸ್ ನಿಲ್ದಾಣದಿಂದ ಹೊರಡಿ. ಬಸ್ಸುಗಳು ಪದೇ ಪದೇ ಇವೆ. ಇಲ್ಲಿ 2000ರಿಂದ ಅಮೆರಿಕದ ಡಾಲರೇ ಚಲಾವಣೆಯ ಹಣ. ಒಂದು, ಐದು ಡಾಲರ್ ನೋಟುಗಳನ್ನು ಕೂಡಿಟ್ಟುಕೊಳ್ಳಿ, ಇಪ್ಪತ್ತರ ನೋಟು ಕಂಡರೆ ಸಂತೆಯವರು ಚಿಲ್ಲರೆಗೆ ಅಕ್ಕಪಕ್ಕದ ಅಂಗಡಿಗೆ ಓಡಬೇಕಾಗುತ್ತದೆ. ಒಟಾವಾಲೊ ಸುಮಾರು 2,500 ಮೀಟರ್ ಎತ್ತರದಲ್ಲಿದೆ. ಮೊದಲ ದಿನ ಬೇಗ ದಣಿವಾಗುತ್ತದೆ, ನಿಧಾನವಾಗಿ ನಡೆಯಿರಿ.

ಶನಿವಾರ ಬೆಳಿಗ್ಗೆ ಬೇಗನೆ ಪ್ಲಾಸಾ ದೆ ಪೋಂಚೋಸ್‌ಗೆ ಹೋಗಿ. ಆ ದಿನ ಸಂತೆ ಚೌಕ ಮೀರಿ ಸುತ್ತಲಿನ ಬೀದಿಗಳಿಗೂ ಹರಡುತ್ತದೆ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ‘ಅಲ್ಪಾಕಾ’ ಎಂದು ಮಾರುವ ಮೆತ್ತನೆಯ ಹೊದಿಕೆಗಳಲ್ಲಿ ಬಹುಪಾಲು ಕೈಮಗ್ಗದ ಮುಖ ಕಾಣದ ಅಕ್ರಿಲಿಕ್. ಬೆಚ್ಚಗಿರುತ್ತವೆ, ಅಗ್ಗವೂ ಹೌದು, ಅಷ್ಟೇ ಎಂದು ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ. ಕೈನೇಯ್ಗೆ ಬೇಕಾದವರು ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಲಿ, ಅಂಚನ್ನು ಬೆರಳಲ್ಲಿ ಸವರಲಿ. ಹತ್ತೂ ಶಾಲುಗಳು ಅಚ್ಚು ಹಾಕಿದಂತೆ ಒಂದೇ ಥರ ಇದ್ದರೆ ಅನುಮಾನಿಸಿ.

ವ್ಯತ್ಯಾಸ ಕಣ್ಣಿಗೆ ಹತ್ತಬೇಕಾದರೆ ಪೆಗುಚೆಗೆ ಹೋಗಲೇಬೇಕು. ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷಗಳ ದಾರಿ. ಇಲ್ಲಿನ ನೇಕಾರರ ಮನೆಗಳಲ್ಲಿ ಸೊಂಟದ ಮಗ್ಗ ಇನ್ನೂ ಇದೆ. ಹಾಸಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ನೇಕಾರ ತನ್ನ ಸೊಂಟದ ಪಟ್ಟಿಗೆ ಬಿಗಿದು ನೆಲದ ಮೇಲೆ ಕೂರುತ್ತಾನೆ. ಹಿಂದಕ್ಕೆ ವಾಲಿದರೆ ನೂಲು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಕುರಿ ಉಣ್ಣೆಯೂ ಕಾಲ್ತುಳಿ ಮಗ್ಗವೂ ಸ್ಪೇನಿನವರೊಂದಿಗೆ ಬಂದವು. ಸೊಂಟದ ಮಗ್ಗ ಅದಕ್ಕಿಂತ ಬಹಳ ಹಳೆಯದು. ಬಣ್ಣ ಹಾಕುವುದನ್ನೂ ತೋರಿಸಿ ಎಂದು ಕೇಳಿ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಪುಟ್ಟ ಹುಳುವನ್ನು ಒಣಗಿಸಿಟ್ಟಿರುತ್ತಾರೆ. ಅಂಗೈಯಲ್ಲಿ ಅದನ್ನು ಹಿಸುಕಿದರೆ ಗಾಢ ಕೆಂಪು. ಎರಡು ಹನಿ ನಿಂಬೆರಸ ಬಿದ್ದರೆ ಅದೇ ಕೆಂಪು ಕಿತ್ತಳೆಗೆ ತಿರುಗುತ್ತದೆ, ಬೂದಿಯ ನೀರು ಸೋಕಿದರೆ ನೇರಳೆಯತ್ತ ಹೊರಳುತ್ತದೆ. ಇಷ್ಟು ನೋಡಿದ ಮೇಲೆ ಕೈನೇಯ್ಗೆಯ ಬೆಲೆಯನ್ನು ಅರ್ಧಕ್ಕೆ ಇಳಿಸಿ ಎಂದು ಕೇಳಲು ಬಾಯಿ ಬರುವುದಿಲ್ಲ. ಮಧ್ಯಾಹ್ನದ ಮೇಲೆ ಸಂತೆಗೆ ಮರಳಿ, ಆಗ ಕೊಳ್ಳಿ.

ಭಾನುವಾರ ಕೊಟಾಕಾಚಿ. ಬಸ್ಸಿನಲ್ಲಿ ಅರ್ಧ ಗಂಟೆ. ಹತ್ತನೇ ಆಗಸ್ಟ್ ಹೆಸರಿನ ಬೀದಿಯುದ್ದಕ್ಕೂ ಚರ್ಮದ ಜಾಕೆಟ್, ಬ್ಯಾಗ್, ಬೆಲ್ಟಿನ ಅಂಗಡಿಗಳು. ಹೊಲಿಗೆ, ಜಿಪ್, ಅಸ್ತರು ನೋಡಿ ಕೊಂಡರಾಯಿತು, ಎರಡು ತಾಸು ಸಾಕು. ಮೋಡವಿಲ್ಲದಿದ್ದರೆ ಜ್ವಾಲಾಮುಖಿಯ ಬಾಯಲ್ಲಿ ನಿಂತ ಕುಯ್ಕೋಚಾ ಸರೋವರಕ್ಕೆ ಟ್ಯಾಕ್ಸಿ ಮಾಡಿಕೊಳ್ಳಿ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಆಲೂಗಡ್ಡೆ–ಚೀಸಿನ ಯಾಪಿಂಗಾಚೊ, ಬೆಣ್ಣೆಹಣ್ಣು ಹಾಕಿದ ಆಲೂಗಡ್ಡೆ ಸಾರು ಲೊಕ್ರೊ, ಬೇಯಿಸಿದ ಜೋಳದ ತೆನೆ ಎಲ್ಲೆಡೆ ಸಿಗುತ್ತವೆ. ‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಕೋಳಿ ಬಂದೀತು; ‘ಸಿನ್ ಪೋಯೊ’ (ಕೋಳಿ ಬೇಡ) ಎಂದೂ ಸೇರಿಸಿ. ಸಾರನ್ನು ಯಾವ ನೀರಿನಲ್ಲಿ ಕುದಿಸಿದ್ದೆಂದೂ ಕೇಳಿಕೊಳ್ಳಿ.

ಸೋಮವಾರ, 2ರಂದು, ಬೆಳಿಗ್ಗೆ ಒಟಾವಾಲೊದ ಸ್ಮಶಾನದ ಕಡೆ ಜನ ಊಟದ ಬುತ್ತಿ ಹಿಡಿದು ಹೊರಟಿರುತ್ತಾರೆ. ಮಹಾಲಯ ಅಮಾವಾಸ್ಯೆಗೆ ನಾವು ಎಡೆ ಇಡುವಂತೆ ಇಲ್ಲಿನ ಮೂಲನಿವಾಸಿಗಳಾದ ಕಿಚ್ವಾ ಕುಟುಂಬಗಳು ಸಮಾಧಿಯ ಬಳಿಯೇ ಕುಳಿತು ಉಣ್ಣುತ್ತವೆ. ದೂರದಲ್ಲಿ ನಿಂತು ನೋಡಬಹುದು, ಕ್ಯಾಮೆರಾ ಚೀಲದಲ್ಲೇ ಇರಲಿ. ಬೇಕರಿಗಳಲ್ಲಿ ಗೊಂಬೆಯಾಕಾರದ ಗ್ವಾಗ್ವಾ ಬ್ರೆಡ್ಡೂ, ನೇರಳೆ ಜೋಳದ ಹಿಟ್ಟಿಗೆ ಹಣ್ಣು, ಚಕ್ಕೆ, ಲವಂಗ ಹಾಕಿ ಕುದಿಸಿದ ಕೊಲಾದಾ ಮೊರಾದಾ ಎಂಬ ಬಿಸಿ ಪಾನೀಯವೂ ಸಿಗುತ್ತವೆ. ಆಮೇಲೆ ಇಬಾರಾ ಬಸ್ ಹತ್ತಿ ಸಾನ್ ಅಂಟೋನಿಯೊದಲ್ಲಿ ಇಳಿಯಿರಿ. ಮರ ಕೆತ್ತುವವರ ಊರು, ಸಂತರ ಪ್ರತಿಮೆಗಳು ಹೆಚ್ಚು. ಹಸಿ ಮರದ ಕೆತ್ತನೆ ಊರಿಗೆ ಬಂದ ಮೇಲೆ ಬಿರುಕು ಬಿಡುತ್ತದೆ, ಆದ್ದರಿಂದ ಒಣಗಿದ್ದೇ ಎಂದು ಕೇಳಿ, ಸಣ್ಣದನ್ನೇ ಆರಿಸಿ. ಪಕ್ಕದ ಇಬಾರಾದಲ್ಲಿ ಹಿಮದ ಮೇಲಿಟ್ಟ ತಾಮ್ರದ ಬಾಣಲೆಯಲ್ಲಿ ಹಣ್ಣಿನ ರಸ ತಿರುವಿ ಮಾಡುವ ಐಸ್‌ಕ್ರೀಂ ತಿನ್ನದೆ ಬರಬೇಡಿ.

ಮಂಗಳವಾರ ಮಧ್ಯಾಹ್ನದೊಳಗೆ ಹೊರಡಿ, ಸಂಜೆಗೆ ಕ್ವಿಟೊ ದಾರಿ ವಾಹನಗಳಿಂದ ತುಂಬಿರುತ್ತದೆ. ನಗರ ಮುಟ್ಟುವ ಮುನ್ನ ಸಿಗುವ ಕಾಲ್ದೆರೋನ್‌ನಲ್ಲಿ ಹಿಟ್ಟನ್ನು ಕಣಕ ಮಾಡಿ ಬಣ್ಣ ಬಳಿದ ಪುಟ್ಟ ಗೊಂಬೆಗಳಿವೆ. ಸ್ಮಶಾನಕ್ಕೆ ಒಯ್ಯುವ ಬ್ರೆಡ್ ಗೊಂಬೆಯಿಂದಲೇ ಈ ಕಸುಬು ಬೆಳೆದದ್ದು. ತಿನ್ನುವಂಥವಲ್ಲ, ತೇವ ತಾಗಿದರೆ ಹಾಳಾಗುತ್ತವೆ. ಕೊಂಡ ಶಾಲಿನಲ್ಲೇ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಿ.