ಬೇಸಿಕ್ ಎಷ್ಟು, ಟೀಚರ್?

ದುಬೈಯ ಯಾವುದೋ ಭಾರತೀಯ ಶಾಲೆಯಿಂದ ಆಫರ್ ಲೆಟರ್ ಬಂತೆಂದರೆ ಪುತ್ತೂರು, ಉಡುಪಿ, ಶಿವಮೊಗ್ಗ ಕಡೆಯ ಪರಿಚಿತ ಶಿಕ್ಷಕಿಯರು ಅದರ ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಅಷ್ಟರಲ್ಲೇ ಒಟ್ಟು ಸಂಬಳವನ್ನು ದಿರ್ಹಮ್ ದರದಿಂದ ಗುಣಿಸಿ ರೂಪಾಯಿ ಮಾಡಿಟ್ಟಿರುತ್ತಾರೆ. ನಾನು ಕೇಳುವುದು ಒಂದೇ ಮಾತು: ‘ಬೇಸಿಕ್ ಎಷ್ಟು?’

‘ಒಟ್ಟು 4,000 ಬರ್ತದಲ್ಲ ಅಕ್ಕಾ, ಹೇಗೆ ಹಂಚಿದರೇನು?’ ಎಂದವಳಿಗೆ ಲೆಕ್ಕ ಬರೆದೇ ತೋರಿಸಬೇಕಾಯಿತು.

ಊರಿನ ಶಾಲೆಯಲ್ಲಿದ್ದಾಗ ಪಿಎಫ್ ಎಂದು ಹಿಡಿದುಕೊಳ್ಳುತ್ತಿದ್ದುದಕ್ಕೆ ಗೊಣಗುತ್ತಿದ್ದೆವು. ಇಲ್ಲಿ ಯುಎಇಯಲ್ಲಿ ಗೊಣಗಲಿಕ್ಕೂ ಪಿಎಫ್ ಇಲ್ಲ. ನಮ್ಮಂಥ ವಿದೇಶಿ ಶಿಕ್ಷಕರಿಗೆ ಪಿಂಚಣಿಯೂ ಇಲ್ಲ. ಕೆಲಸ ಬಿಡುವಾಗ ಶಾಲೆ ಕೊಡುವುದು ಗ್ರಾಚ್ಯುಟಿ ಮಾತ್ರ. 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನಿನಂತೆ ಕನಿಷ್ಠ ಒಂದು ವರ್ಷ ದುಡಿದವರಿಗೆ ಇದು ಸಿಗುತ್ತದೆ. ಮೊದಲ 5 ವರ್ಷ ವರ್ಷಕ್ಕೆ 21 ದಿನದ ವೇತನ, ಆಮೇಲೆ ವರ್ಷಕ್ಕೆ 30 ದಿನದ ವೇತನ. ಹತ್ತು ವರ್ಷ ಕಲಿಸಿದರೆ ಒಟ್ಟು 255 ದಿನದ ವೇತನವಾಯಿತು. ಆದರೆ ಇಲ್ಲಿ ವೇತನ ಎಂದರೆ ಬೇಸಿಕ್ ಮಾತ್ರ. ಮನೆ ಭತ್ಯೆ, ಪ್ರಯಾಣ ಭತ್ಯೆ ಯಾವುದೂ ಸೇರುವುದಿಲ್ಲ.

ಒಟ್ಟು 4,000 ದಿರ್ಹಮ್‌ನಲ್ಲಿ ಬೇಸಿಕ್ 2,000 ಎಂದಿದ್ದರೆ ಹತ್ತು ವರ್ಷದ ಗ್ರಾಚ್ಯುಟಿ 17,000 ದಿರ್ಹಮ್. ಬೇಸಿಕ್ 3,000 ಇದ್ದವಳಿಗೆ 25,500. ತಿಂಗಳು ತಿಂಗಳು ಇಬ್ಬರ ಕೈಗೂ ಬಂದದ್ದು ಒಂದೇ ಮೊತ್ತ. ಹೊರಡುವ ದಿನ ಮಾತ್ರ ಸುಮಾರು ಎರಡು ಲಕ್ಷ ರೂಪಾಯಿಯ ವ್ಯತ್ಯಾಸ. ಸಹಿ ಹಾಕುವ ಮೊದಲು ಕೇಳಿದರೆ ಕೆಲವು ಶಾಲೆಗಳು ಬೇಸಿಕ್ ಹೆಚ್ಚಿಸಿ ಕೊಡುವುದುಂಟು. ಸಹಿ ಹಾಕಿದ ಮೇಲೆ ಯಾರೂ ಕೊಡುವುದಿಲ್ಲ.

ಇಲ್ಲಿನ ಭಾರತೀಯ ಶಾಲೆಗಳಲ್ಲಿ ಎಷ್ಟೋ ಶಿಕ್ಷಕಿಯರು ಗಂಡನ ವೀಸಾದಲ್ಲಿದ್ದಾರೆ. ಮನೆ ಹೇಗೂ ಗಂಡನದ್ದು ಎಂಬ ಲೆಕ್ಕದಲ್ಲಿ ಅವರ ಸಂಬಳ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ. ವೀಸಾ ಶಾಲೆಯದ್ದಲ್ಲವಾದ್ದರಿಂದ ಗ್ರಾಚ್ಯುಟಿಯೂ ಇಲ್ಲ ಎಂದು ಅವರಲ್ಲಿ ಹಲವರು ನಂಬಿದ್ದಾರೆ. ಅದು ಸುಳ್ಳು. ವೀಸಾ ಯಾರದ್ದೇ ಇರಲಿ, ಶಾಲೆಯ ಉದ್ಯೋಗ ಪರವಾನಗಿಯಲ್ಲಿ ಕೆಲಸ ಮಾಡುವವರಿಗೆ ಗ್ರಾಚ್ಯುಟಿ ಸಲ್ಲಲೇಬೇಕು. ಹಿಂದೆ ಕೆಲವು ಬಗೆಯ ಕರಾರಿನಲ್ಲಿ ರಾಜೀನಾಮೆ ಕೊಟ್ಟು ಬೇಗ ಹೊರಟವರಿಗೆ ಮೊತ್ತ ಕಡಿತವಾಗುತ್ತಿತ್ತು. ಹೊಸ ಕಾನೂನಿನಲ್ಲಿ ಆ ಕಡಿತವೂ ಇಲ್ಲ.

ಇನ್ನು ತಿಂಗಳ ಖರ್ಚು. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆ ಉಳಿತಾಯವನ್ನು ಬಾಡಿಗೆ ತಿಂದುಹಾಕುತ್ತದೆ. ಮನೆ ಬಾಡಿಗೆಯನ್ನು ಇಲ್ಲಿ ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಮುಂದಿನ ತಾರೀಖು ಹಾಕಿದ ಎರಡೋ ನಾಲ್ಕೋ ಚೆಕ್‌ಗಳನ್ನು ಮೊದಲೇ ಬರೆದು ಕೊಡಬೇಕು. ಚೆಕ್‌ನ ತಾರೀಖು ಬರುವ ತಿಂಗಳು ಊರಿಗೆ ಹಣ ಹೋಗುವುದಿಲ್ಲ. ದುಬೈಯಲ್ಲಿ ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ ಕರೆಂಟು-ನೀರಿನ ಬಿಲ್ಲಿನ ಜೊತೆಗೇ ಬರುತ್ತದೆ. ಅಂಗಡಿಯ ಬಿಲ್ಲಿನಲ್ಲಿ 2018ರಿಂದ ಶೇ 5 ವ್ಯಾಟ್ ಇದೆ. ನಾವು ಬಾಡಿಗೆ ಕಡಿಮೆ ಎಂದು ಶಾರ್ಜಾದಲ್ಲಿದ್ದೇವೆ. ಬೆಳಿಗ್ಗೆ ಮಕ್ಕಳ ಜೊತೆ ಶಾಲೆಯ ಬಸ್ಸಿನಲ್ಲೇ ಹೋಗುವುದರಿಂದ ಕಾರಿನ ಸಾಲವಿಲ್ಲ, ಟೋಲ್ ಇಲ್ಲ. ಅದರ ಬೆಲೆಯನ್ನು ನಿದ್ದೆಯಲ್ಲಿ ಕೊಡುತ್ತೇನೆ: ಐದಕ್ಕೆ ಮೊದಲು ಎದ್ದರೆ ಮಾತ್ರ ಟಿಫಿನ್ ಡಬ್ಬಿ ಸಿದ್ಧವಾಗುತ್ತದೆ.

ಹಾಗಾಗಿ ಆಫರ್ ಲೆಟರ್‌ನಲ್ಲಿ ಸಂಬಳದಷ್ಟೇ ಮುಖ್ಯವಾದವು ಇನ್ನೂ ಮೂರಿವೆ. ಸ್ವಂತ ಮಕ್ಕಳಿಗೆ ಫೀಸಿನ ರಿಯಾಯಿತಿ ಎಷ್ಟು, ಎಷ್ಟು ಮಕ್ಕಳಿಗೆ? ಜುಲೈ-ಆಗಸ್ಟ್ ರಜೆಯ ಸಂಬಳ ಹೊಸಬರಿಗೂ ಇದೆಯೆ? ವಿಮಾನದ ಟಿಕೆಟ್ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ? ಕೊನೆಯದನ್ನು ಹಗುರಾಗಿ ಕಾಣಬೇಡಿ. ಎಲ್ಲ ಶಾಲೆಗಳಿಗೂ ಒಟ್ಟಿಗೇ ರಜೆ. ಮಂಗಳೂರು ವಿಮಾನದ ದರ ಏರುವುದೂ ಆಗಲೇ. ನಮಗೆ ಫೆಬ್ರುವರಿಯಲ್ಲಿ ಹೋಗುವ ಸ್ವಾತಂತ್ರ್ಯವಿಲ್ಲವಲ್ಲ.

ಮೇಲುಸಂಪಾದನೆ ಎಂದರೆ ಟ್ಯೂಷನ್. ಮೊದಲು ಇದು ಕದ್ದುಮುಚ್ಚಿ ನಡೆಯುವ ವ್ಯವಹಾರವಾಗಿತ್ತು. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಖಾಸಗಿ ಪಾಠಕ್ಕೆ ಪರವಾನಗಿ ಕೊಡಲು ಶುರುಮಾಡಿತು. ಅವಧಿ 2 ವರ್ಷ, ಶುಲ್ಕವಿಲ್ಲ. ಟ್ಯೂಷನ್ ಹೇಳುವವರು ಅದನ್ನು ಪಡೆದೇ ಹೇಳಿ. ನಾಲ್ಕು ಕಾಸಿನ ಆಸೆಗೆ ಇರುವ ಕೆಲಸವನ್ನು ಪಣಕ್ಕಿಡಬಾರದು.

ಊರಿಗೆ ಹಣ ಕಳಿಸುವ ವಿಷಯದಲ್ಲಿ ಸ್ಟಾಫ್ ರೂಮಿನಲ್ಲಿ ದಿನವೂ ಚರ್ಚೆ: ‘ಇವತ್ತು ರೇಟ್ ಎಷ್ಟು? ನಾಳೆ ಏರಬಹುದೆ?’ ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ಆದ್ದರಿಂದ ನಮ್ಮ ರೇಟ್ ಏರಿಳಿಯುವುದು ಡಾಲರ್ ಎದುರು ರೂಪಾಯಿ ಹೇಗಿದೆ ಎಂಬುದರ ಮೇಲೆ. 2015ರಲ್ಲಿ 17-18 ರೂಪಾಯಿ ಇದ್ದ ದಿರ್ಹಮ್ 2024ರ ಕೊನೆಗೆ 23 ದಾಟಿತು. ಇದು ವರ್ಷಗಳಲ್ಲಿ ಆದ ಏರಿಕೆ. ವಾರಗಟ್ಟಲೆ ಕಾದರೆ ಸಿಗುವುದು ಹತ್ತಿಪ್ಪತ್ತು ಪೈಸೆ; 2,000 ದಿರ್ಹಮ್ ಕಳಿಸುವವರಿಗೆ ಅದು ಇನ್ನೂರು-ನಾನೂರು ರೂಪಾಯಿಯ ಮಾತು. ಕಾಯುವಾಗ ಕೈಯಲ್ಲಿದ್ದ ಹಣ ಶಾಪಿಂಗ್ ಮಾಲ್‌ಗೆ ಹೋದರೆ ನಷ್ಟ ಅದಕ್ಕಿಂತ ಹೆಚ್ಚು. ನಾನು ಸಂಬಳ ಬಂದ ವಾರವೇ ಕಳಿಸಿಬಿಡುತ್ತೇನೆ.

ಯಾವ ಖಾತೆಗೆ ಎನ್ನುವುದು ರೇಟಿಗಿಂತ ದೊಡ್ಡ ಪ್ರಶ್ನೆ. ಕೆಲಸಕ್ಕೆಂದು ಹೊರದೇಶಕ್ಕೆ ಬಂದು ಅನಿವಾಸಿಯಾದವರು ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಿಕೊಳ್ಳಬೇಕು, ಇದು ನಿಯಮ. ದುಡಿದು ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಅನಿವಾಸಿಯಾಗಿರುವವರೆಗೆ ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಯಲ್ಲಿ ಬ್ಯಾಂಕು ಶೇ 30ರಷ್ಟು, ಮೇಲೆ ಸೆಸ್ ಸೇರಿಸಿ ಹಿಡಿದುಕೊಳ್ಳುತ್ತದೆ. ಎನ್‌ಆರ್‌ಇ ಠೇವಣಿಯನ್ನು ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಸಿಗದು, ಅದಕ್ಕೆ ತುರ್ತಿನ ಹಣ ಅಲ್ಲಿಡಬೇಡಿ. ಊರಿನಲ್ಲಿದ್ದಾಗ ಶುರುಮಾಡಿದ ಪಿಪಿಎಫ್ ಅದರ ಅವಧಿ ಮುಗಿಯುವವರೆಗೆ ನಡೆಸಬಹುದು. ಅನಿವಾಸಿಯಾದ ಮೇಲೆ ಹೊಸದು ತೆರೆಯುವಂತಿಲ್ಲ. ಎನ್‌ಪಿಎಸ್‌ಗೆ ಮಾತ್ರ ಅನಿವಾಸಿಗಳೂ ಸೇರಬಹುದು. ಇಲ್ಲಿ ಇಲ್ಲದ ಪಿಂಚಣಿಯನ್ನು ನಾನು ಅಲ್ಲಿ ಕಟ್ಟಿಕೊಳ್ಳುತ್ತಿದ್ದೇನೆ.

ಈ ದೇಶದಲ್ಲಿ ನಮ್ಮಂಥವರ ವಾಸ ಕೆಲಸಕ್ಕೋ ಗಂಡನ ಕೆಲಸಕ್ಕೋ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಊರೇ ಗತಿ. ಆ ದಿನ ಗ್ರಾಚ್ಯುಟಿ ಒಂದನ್ನೇ ನೆಚ್ಚಿ ಹೋಗುವಂತಿಲ್ಲ. ಅಪ್ಪನ ಔಷಧಿ, ತಮ್ಮನ ಮನೆ, ತಂಗಿಯ ಮದುವೆ ಎಲ್ಲಕ್ಕೂ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಸಂಬಳದ ಐದನೇ ಒಂದು ಪಾಲು ಬೇರೆಯವರ ಖರ್ಚಿಗೆ ಮೊದಲೇ ನಿಮ್ಮ ಭವಿಷ್ಯಕ್ಕೆ ಹೋಗಲಿ. ಆ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ನಾಮಿನಿ ಯಾರೆಂದು ಇವತ್ತೇ ಬರೆಸಿ.